ಐದು ರಣಹದ್ದುಗಳನ್ನು ಓಡಿಸಿದ ಅಜ್ಜಿ

ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮಜ್ಜಿ ಹುಟ್ಟಿದ್ದು, ದನ ಮೇಯಿಸಿದ್ದು ಎಲ್ಲ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲೇ. ಬೆಟ್ಟವನ್ನು ರಣಹದ್ದು ಧಾಮ ಮಾಡಿ ಬೇಲಿ ಹಾಕಿದಾಗ ಊರವರೆಲ್ಲ ಗೊಣಗಿದರೆ, ಇವರು ಮಾತ್ರ, "ಅವುಕ್ಕೂ ಒಂದು ಮನೆ ಬ್ಯಾಡ್ವ?" ಅಂದಿದ್ದರಂತೆ.

ಹಿಂದೆ ಸತ್ತ ದನವನ್ನು ಇಲ್ಲಿ ಹೂಳುತ್ತಿರಲಿಲ್ಲ. ಅರಿಶಿನ ಕುಂಕುಮವಿಟ್ಟು ಬಂಡೆಯ ಮೇಲೆ ಬಿಡುತ್ತಿದ್ದರು. ಅದು ಹದ್ದುಗಳ ಪಾಲು. ಮೊನ್ನೆ ಸೋಮವಾರ ಹಸು ಕೆಂದಿ ಸತ್ತಾಗ ಅಜ್ಜಿಯೂ ಹಾಗೇ ಮಾಡಿದರು. ಲಿಂಗಯ್ಯನ ಟ್ರ್ಯಾಕ್ಟರಿನಲ್ಲಿ ಬೇಲಿಯ ಹೊರಗಿನ ಬಂಡೆಗೆ ಸಾಗಿಸಿದೆವು. ಮಗುವನ್ನು ಎತ್ತಿಕೊಂಡು ನಾನೂ ಹೋಗಿದ್ದೆ.

ಬಂಡೆಯಿಂದ ಇಳಿಯುವಾಗ ಅಜ್ಜಿ ಕಣ್ಣೊರೆಸಿಕೊಂಡು, "ಕೊನೆಗೆ ಸಂಕಟ ಪಡಲಿಲ್ಲ ಕಣೆ ಸುಮನಾ. ನಿನ್ನೆ ನೋವಿಗೆ ಇಂಜೆಕ್ಷನ್ ಹಾಕಿಸಿದ್ದೆ" ಅಂದರು.

ನಾನು ಅಲ್ಲೇ ನಿಂತೆ. ಕೆಲವು ನೋವಿನ ಔಷಧಿ ದನದ ಮಾಂಸದಲ್ಲೇ ಉಳಿದು, ತಿಂದ ರಣಹದ್ದನ್ನು ಕೊಲ್ಲುತ್ತವೆ ಎಂದು ಧಾಮದ ಬಾಗಿಲ ಬಳಿಯ ಬೋರ್ಡಿನಲ್ಲಿ ಓದಿದ್ದೆ. ಹೇಳಿದೆ.

"ಎಷ್ಟು ಸಾಯ್ತವೆ?"

"ತಿಂದವೆಲ್ಲ, ಅಜ್ಜಿ."

ಅಷ್ಟರಲ್ಲಿ ನಮ್ಮ ಮೇಲೆ ನೆರಳು ಹಾದುಹೋಯಿತು. ತಲೆಯೆತ್ತಿದೆ. ಐದು! ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಇಷ್ಟು ಹತ್ತಿರ ನೋಡಿರಲಿಲ್ಲ. ಬಿಚ್ಚಿದರೆ ನಮ್ಮ ಮನೆ ಬಾಗಿಲಿಗಿಂತ ಉದ್ದದ ರೆಕ್ಕೆಗಳು, ಚಾಪೆ ಕೊಡವಿದಂಥ ಸದ್ದು. ಮಗು ನನ್ನ ಕುತ್ತಿಗೆ ತಬ್ಬಿ, ಅಳುವುದನ್ನೂ ಮರೆತು ನೋಡಿತು.

ಅಜ್ಜಿ ಬಂಡೆ ಹತ್ತಿ ಓಡಿದರು. "ಹೋಗ್ರೋ! ಮುಟ್ಟಬ್ಯಾಡ್ರೋ!" ಎಂದು ಕೋಲು ಬೀಸಿದರು. ಒಂದು ಹದ್ದು ಕತ್ತು ಚಾಚಿ ಎದುರೇ ನಿಂತಿತು. ಅಜ್ಜಿ ಕದಲಲಿಲ್ಲ, ಅದೇ ಹಿಂದೆ ಸರಿಯಿತು.

"ಏನಜ್ಜಿ, ಬರ್ರಿ ಬರ್ರಿ ಅಂತ ಕರೆದು ನೆಂಟ್ರನ್ನ ಎಲೆ ಮುಂದಿಂದ ಎಬ್ಬುಸ್ತೀಯಲ್ಲ!" ಲಿಂಗಯ್ಯ ನಕ್ಕ.

"ಹಲ್ಲು ಕಿಸೀಬ್ಯಾಡ ಕಣ್ಲಾ, ಹೋಗಿ ಜೆಸಿಬಿ ಕರ್ಕಂಬಾ, ಹೂಳಾನ!"

ಜೆಸಿಬಿ ಬಂದಿದ್ದು ನಾಲ್ಕು ಗಂಟೆಗೆ. ಅಲ್ಲಿಯವರೆಗೂ ಅಜ್ಜಿ ಕೆಂದಿಗೆ ಒರಗಿ ಬಿಸಿಲಲ್ಲೇ ಕೂತಿದ್ದರು. ನಾನು ಮನೆಯಿಂದ ನೀರು, ಕೊಡೆ ತಂದುಕೊಟ್ಟೆ. ಎದುರು ಬಂಡೆಯ ಮೇಲೆ ಹದ್ದುಗಳೂ ಅಲುಗದೆ ಕೂತಿದ್ದವು.

"ನನ್ನ ಬೈಕಳಿ. ಬದುಕಿ ಬೈಕಳಿ" ಎಂದು ಅವಕ್ಕೆ ಹೇಳುತ್ತಲೇ ಇದ್ದರು.

ಕೆಳಗೆ ತೋಡಿದ ಗುಂಡಿಗೆ ಕೊನೆಯ ಮಣ್ಣು ಬಿದ್ದ ಮೇಲೆ ಹದ್ದುಗಳು ಒಂದೊಂದಾಗಿ ಎದ್ದವು. ರೆಕ್ಕೆ ಬಡಿಯದೆ ಗಾಳಿಯಲ್ಲೇ ಮೇಲೇರಿ ಬೆಟ್ಟದ ಕಡೆ ತಿರುಗಿದವು. ಅಜ್ಜಿ ಬೆರಳು ಮಡಚುತ್ತಾ ನೋಡಿದರು.

"ಐದೂ ಅವೆ ಅಲ್ವ, ಮಗ?"

"ಅವೆ, ಅಜ್ಜಿ."

ಆಮೇಲೇ ಕೋಲು ಕೆಳಗಿಟ್ಟರು.