ಹದಿನಾಲ್ಕನೆಯ ಕಾಲಮಿನ ಬೆಂಚಕ್ಕ

ಕಚೇರಿಗಳ ಇತಿಹಾಸವನ್ನು ಆದೇಶಗಳ ಕಡತದಿಂದ ಬರೆಯುವವರಿದ್ದಾರೆ, ಗೋಡೆಗೆ ತೂಗುಹಾಕಿದ ಅಧಿಕಾರಿಗಳ ಹೆಸರುಪಟ್ಟಿಯಿಂದ ಬರೆಯುವವರೂ ಇದ್ದಾರೆ. ಆದರೆ ಒಂದು ಕಚೇರಿ ಜನರ ಮನಸ್ಸಿನಲ್ಲಿ ಹೇಗೆ ಉಳಿದಿದೆ ಎಂದು ತಿಳಿಯಬೇಕಾದರೆ, ಅದರ ಮೆಟ್ಟಿಲುಗಳ ಮೇಲೆ ಸರದಿಗಾಗಿ ಕಾಯುತ್ತ ಕುಳಿತವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಿಗೆ ಕಿವಿಗೊಡಬೇಕು. ಆಯುಧ ಪರವಾನಗಿ ಶಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯರು ಸೇವಾ ಪುಸ್ತಕದಲ್ಲಿ ಶಾಖಾ ಮೇಲ್ವಿಚಾರಕಿ. ಮೆಟ್ಟಿಲುಗಳ ಮೇಲೆ ಮಾತ್ರ ಬೆಂಚಕ್ಕ. ಅದೇ ಕಟ್ಟಡದ ದಾಖಲೆ ಕೊಠಡಿಯಲ್ಲಿ ಹನ್ನೊಂದು ವರ್ಷ ಅವರ ಸಹೋದ್ಯೋಗಿಯಾಗಿದ್ದು, ಕೇಳಿದ ಕಥೆಗಳನ್ನು ಹೇಳಿದವರ ವಿವರದೊಂದಿಗೆ ಬರೆದಿಡುವ ಅಭ್ಯಾಸವಿರುವ ನನಗೆ, ಈ ಬೀಳ್ಕೊಡುಗೆ ಸಂಪುಟದ ಸಂಪಾದಕರು ಅವರ ಬಗ್ಗೆ ಬರೆಯಲು ಹೇಳಿದ್ದು ಸಂತೋಷದ ಸಂಗತಿ.

ಆ ಹೆಸರು ಬಂದ ಬಗೆಯನ್ನು ಮೊದಲು ಹೇಳಬೇಕು. ಕೈಪಿಸ್ತೂಲನ್ನು ಜೊತೆಯಲ್ಲಿಟ್ಟುಕೊಂಡು ಓಡಾಡಲು ಅನುಮತಿ ಬೇಡುವವರು ತುಂಬಬೇಕಾದ ಅರ್ಜಿಯಲ್ಲಿ ಇಪ್ಪತ್ತೆರಡು ಕಾಲಮುಗಳಿವೆ. ಹದಿನಾಲ್ಕನೆಯದು ಹೀಗೆ ಕೇಳುತ್ತದೆ: ‘ಯಾವುದೇ ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ? ಹೌದಾದರೆ ವಿವರ ನೀಡಿ.’ ಕಚೇರಿಯ ಹೊರಗೆ ಕೊಡೆಗಳ ಕೆಳಗೆ ಯಂತ್ರವಿಟ್ಟುಕೊಂಡು ಕೂರುತ್ತಿದ್ದ ಟೈಪಿಸ್ಟರು ಈ ಪ್ರಶ್ನೆಯನ್ನು ಯಾರಿಗೂ ಓದಿ ಹೇಳುತ್ತಿರಲಿಲ್ಲ. ಅರ್ಜಿದಾರರ ತಂದೆಯ ಹೆಸರು ಕೇಳುವ ಮೊದಲೇ ಅಲ್ಲಿ ‘ಇಲ್ಲ’ ಎಂದು ಬಡಿದಿರುತ್ತಿದ್ದರು. ಹೌದು ಎಂದು ಬರೆದವರ ಕಡತ ಬಾವಿಗೆ ಬಿದ್ದ ಕಲ್ಲಿನಂತೆ, ಮತ್ತೆ ಮೇಲೆ ಬರುವುದಿಲ್ಲ ಎಂಬ ನಂಬಿಕೆ ಎಲ್ಲರಲ್ಲೂ ಇತ್ತು.

ನಮ್ಮ ಹಿರಿಯರು ಸೇವೆಗೆ ಸೇರಿದ ಎರಡನೆಯ ವರ್ಷ, ಹಿಂದಿನ ಆರುನೂರು ಅರ್ಜಿಗಳನ್ನು ಕಪಾಟಿನಿಂದ ಇಳಿಸಿ ಒಂದೊಂದಾಗಿ ನೋಡಿದರು. ಹದಿನಾಲ್ಕನೆಯ ಕಾಲಮಿನಲ್ಲಿ ಒಂದೇ ಒಂದು ‘ಹೌದು’ ಸಿಗಲಿಲ್ಲ. ಅಂದು ಅವರು ಹೊರಗೆ ಬಂದು ಟೈಪಿಸ್ಟರ ಮುಂದೆ ನಿಂತು ಆಡಿದ ಮಾತನ್ನು ಮೂವರಿಂದ ಕೇಳಿದ್ದೇನೆ. ಮೂವರೂ ಹೆಚ್ಚುಕಡಿಮೆ ಒಂದೇ ರೀತಿ ಹೇಳಿದ್ದಾರೆ.

“ಆರುನೂರು ಜನರಲ್ಲಿ ಒಬ್ಬರಿಗೂ ಒಂದು ದಿನ ಮನಸ್ಸು ಕೆಟ್ಟಿಲ್ವಾ? ಹಾಗಾದ್ರೆ ದೊಡ್ಡಾಸ್ಪತ್ರೆಯ ಆ ವಾರ್ಡಿನಲ್ಲಿ ಮಲಗಿರೋರೆಲ್ಲ ಯಾರಯ್ಯಾ, ಪಕ್ಕದ ಊರಿನೋರಾ?”

ಮರುದಿನದಿಂದ ಆ ಕಾಲಮನ್ನು ಖಾಲಿ ಬಿಡಬೇಕೆಂದು ಕಟ್ಟುನಿಟ್ಟಾಗಿ ಹೇಳಿದರು. ತಮ್ಮ ಮೇಜಿನ ಪಕ್ಕಕ್ಕೆ ಒಂದು ಬೆಂಚು ಹಾಕಿಸಿ, ಪ್ರತಿಯೊಬ್ಬ ಅರ್ಜಿದಾರನನ್ನೂ ಕೂರಿಸಿ, ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಓದಿ, ಉತ್ತರವನ್ನು ಅವನ ಕೈಯಿಂದಲೇ ಬರೆಸತೊಡಗಿದರು. ಅವಸರ ಮಾಡುತ್ತಿರಲಿಲ್ಲ. ಸರದಿಯಲ್ಲಿ ಹಿಂದಿದ್ದವರು ಗೊಣಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. “ಪಿಸ್ತೂಲು ಬೇಕಾ? ಮೊದಲು ಬೆಂಚಕ್ಕನ ಹತ್ರ ಕೂತು ಬಾ. ಊಟ ಕಟ್ಕೊಂಡು ಹೋಗು,” ಎಂದು ಟೈಪಿಸ್ಟರು ತಮಾಷೆ ಮಾಡುತ್ತಿದ್ದರಂತೆ. ಹೆಸರು ಅಲ್ಲಿಂದಲೇ ಅಂಟಿಕೊಂಡಿತು.

ಇನ್ನು ಮುಖ್ಯ ಕಥೆ. ಇದರ ನಾಲ್ಕು ಪಾಠಗಳು, ಅಂದರೆ ನಾಲ್ಕು ಬಗೆಯ ನಿರೂಪಣೆಗಳು, ನನ್ನ ಬಳಿ ಇವೆ: ಒಂದು ಹಿರಿಯ ಟೈಪಿಸ್ಟರದು, ಒಂದು ನಮ್ಮ ಕಚೇರಿಯ ಜವಾನರದು, ಒಂದು ಬ್ಯಾಂಕಿನಲ್ಲಿ ಕಸ ಗುಡಿಸುತ್ತಿದ್ದ ಅಜ್ಜಿಯದು, ಕೊನೆಯದು ಬೆಂಚಕ್ಕನವರದೇ. ಮೊದಲ ಎರಡರಲ್ಲಿ ಅವರು ತಪ್ಪೇ ಮಾಡುವುದಿಲ್ಲ. ಅಜ್ಜಿಯ ಪಾಠದಲ್ಲಿ ಮಾಡುತ್ತಾರೆ. ಅವರ ಸ್ವಂತ ಪಾಠದಲ್ಲಿ ತಪ್ಪಿನ ಹೊರತು ಬೇರೇನೂ ಇಲ್ಲ. ಕಡತಗಳೊಂದಿಗೆ ಹೋಲಿಸಿ ನೋಡಿದ ಮೇಲೆ ನಾನು ಅಜ್ಜಿಯ ಪಾಠವನ್ನು ಅನುಸರಿಸಿದ್ದೇನೆ.

ಸೇವೆಯ ಆರನೆಯ ವರ್ಷ, ಒಂದು ಬ್ಯಾಂಕಿನ ಬಾಗಿಲು ಕಾಯುತ್ತಿದ್ದ ಕಾವಲುಗಾರರೊಬ್ಬರು ಪರವಾನಗಿ ನವೀಕರಣಕ್ಕೆ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಸಮವಸ್ತ್ರ, ಮಾತು ಕಡಿಮೆ. ಹಿಂದಿನ ವರ್ಷ ಹೆಂಡತಿ ತೀರಿಕೊಂಡ ಮೇಲೆ ನಿದ್ದೆ ಸಂಪೂರ್ಣ ಬಿಟ್ಟುಹೋಗಿ, ಊಟವನ್ನೂ ಬಿಟ್ಟು, ನಲವತ್ತು ದಿನ ಮನೋರೋಗ ವಾರ್ಡಿನಲ್ಲಿದ್ದು ಗುಣವಾಗಿ ಹೊರಬಂದಿದ್ದರು. ಬ್ಯಾಂಕಿನಲ್ಲಿ ಕಾಮಾಲೆ ಎಂದು ಹೇಳಿದ್ದರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಕೆಲಸವೊಂದೇ ಆಧಾರ. ಜೊತೆಗೆ ಬಂದಿದ್ದ ಭಾವನೆಂಟ ಬೆಂಚಿನ ಪಕ್ಕದಲ್ಲೇ ನಿಂತು ಪಿಸುಗುಡುತ್ತಿದ್ದ: “ಇಲ್ಲ ಅಂತ ಗೀಚು ಮಾರಾಯ. ನಿನ್ನ ತಲೆಯೊಳಗೆ ಯಾರು ಇಣುಕಿ ನೋಡ್ತಾರೆ?”

ಬೆಂಚಕ್ಕ ಭಾವನನ್ನು ಹೊರಗೆ ಕಳಿಸಿದರು. ನಿಯಮದ ಪುಸ್ತಕ ತೆರೆದು, ಹೌದು ಎಂದರೆ ತಿರಸ್ಕಾರವಲ್ಲವೆಂದೂ, ವೈದ್ಯರ ಪತ್ರ ತರಿಸಿ ಪರಿಶೀಲಿಸುವುದಷ್ಟೇ ಎಂದೂ, ಸುಳ್ಳು ಬರೆದು ಮುಂದೆ ಗೊತ್ತಾದರೆ ಪರವಾನಗಿಯೂ ಹೋಗಿ ಮೊಕದ್ದಮೆಯೂ ಬೀಳುವುದೆಂದೂ ಬಿಡಿಸಿ ಹೇಳಿದರು. ಕಾವಲುಗಾರರು ಪೆನ್ನು ತೆಗೆದುಕೊಂಡರು. ಗಟ್ಟಿಯಾಗಿ ಒತ್ತಿ ಬರೆದರು: ‘ಹೌದು. ನಲವತ್ತು ದಿನ. ಈಗ ಗುಣವಾಗಿದೆ.’

ಆಗಿನ ಅರ್ಜಿ ಮೂರು ಪ್ರತಿಗಳದು. ನಡುವೆ ಕಾರ್ಬನ್ ಹಾಳೆಗಳು. ಮೊದಲನೆಯದು ಶಾಖೆಗೆ, ಎರಡನೆಯದು ಪೊಲೀಸರಿಗೆ, ಮೂರನೆಯದು ಅರ್ಜಿದಾರ ಕೆಲಸ ಮಾಡುವ ಸಂಸ್ಥೆಗೆ. ಹಿಂದಿನ ಆರುನೂರು ಅರ್ಜಿಗಳಲ್ಲೂ, ಬೆಂಚು ಬಂದ ನಂತರದ ನಾಲ್ಕು ವರ್ಷಗಳಲ್ಲೂ ಎಲ್ಲರೂ ‘ಇಲ್ಲ’ ಎಂದೇ ಬರೆದಿದ್ದರಿಂದ, ಮೂರನೆಯ ಪ್ರತಿಯಲ್ಲಿ ಆ ಕಾಲಮು ಏಕಿದೆ, ಅದನ್ನು ಯಾರು ಓದುತ್ತಾರೆ ಎಂದು ಅದುವರೆಗೆ ಯಾರೂ ಯೋಚಿಸಿರಲಿಲ್ಲ. ಅಂದು ಬೆಂಚಕ್ಕನವರೂ ಯೋಚಿಸಲಿಲ್ಲ. ಸಂಜೆಯ ಟಪಾಲಿನಲ್ಲಿ ಆ ಪ್ರತಿ ಬ್ಯಾಂಕಿಗೆ ಹೋಯಿತು. ಕಾರ್ಬನ್ನಿನ ನೀಲಿಯಲ್ಲಿ, ಆ ಕೈಬರಹದ ಒತ್ತು ಕೂಡ ಕಾಣುವಂತೆ.

ನಾಲ್ಕನೆಯ ದಿನ ಕಾವಲುಗಾರರು ಸಮವಸ್ತ್ರವಿಲ್ಲದೆ ಬಂದು ಮೇಜಿನ ಮುಂದೆ ನಿಂತರು. ಅವರನ್ನು ಕೆಲಸದಿಂದ ನಿಲ್ಲಿಸಿದ್ದರು. ಬೈಯಲಿಲ್ಲ, ಕೂಗಾಡಲಿಲ್ಲ.

“ಅಕ್ಕಾ, ನೀವು ಹೇಳಿದ್ರಿ ಅಂತ ಬರೆದೆ.”

ಜವಾನರ ಪಾಠದಲ್ಲಿ ಬೆಂಚಕ್ಕ ಇಲ್ಲಿ ಕಾನೂನಿನ ಕಲಂ ಹೇಳಿ ಧೈರ್ಯ ತುಂಬುತ್ತಾರೆ. ನಿಜವಾಗಿ ಅವರು ಹೇಳಿದ್ದು ಇಷ್ಟೇ: “ಹೌದಪ್ಪಾ, ನಾನೇ ಹೇಳಿದ್ದು. ನಿಂದೇನೂ ತಪ್ಪಿಲ್ಲ. ಕಾರ್ಬನ್ ತೆಗೀಬೇಕಾಗಿದ್ದೋಳು ನಾನು.”

ತಮ್ಮ ತಪ್ಪನ್ನು ಮೇಲಧಿಕಾರಿಗಳಿಗೆ ತಾವೇ ಬರವಣಿಗೆಯಲ್ಲಿ ತಿಳಿಸಿದರು. ಪ್ರತಿಫಲವಾಗಿ ಬಂದ ಎಚ್ಚರಿಕೆ ಪತ್ರ ಅವರ ಸೇವಾ ಪುಸ್ತಕದಲ್ಲಿ ಇಂದಿಗೂ ಇದೆ, ನಾನು ಕಂಡಿದ್ದೇನೆ. ಬಳಿಕ ರಜೆ ಹಾಕಿ ಬ್ಯಾಂಕಿಗೆ ಹೋದರು. ಒಂದಲ್ಲ, ಮೂರು ಸಲ. ಮೊದಲ ಸಲ ವ್ಯವಸ್ಥಾಪಕರು ಭೇಟಿಗೇ ಒಪ್ಪಲಿಲ್ಲ. ಎರಡನೆಯ ಸಲ ನಿಲ್ಲಿಸಿಯೇ ಮಾತಾಡಿಸಿದರು. ಮೂರನೆಯ ಸಲ ನಡೆದದ್ದನ್ನು ಗಾಜಿನ ಬಾಗಿಲ ಈಚೆ ನೆಲ ಒರೆಸುತ್ತಿದ್ದ ಅಜ್ಜಿ ಕೇಳಿಸಿಕೊಂಡರು.

“ತಲೆ ಕೆಟ್ಟವನ ಕೈಗೆ ಬಂದೂಕು ಕೊಡಿ ಅಂತೀರಲ್ಲಮ್ಮಾ, ನಾಳೆ ಹೆಚ್ಚುಕಮ್ಮಿ ಆದ್ರೆ ನೀವು ಬರ್ತೀರಾ?”

“ಬಂದೂಕು ಕೊಡಿ ಅಂತ ನಾನೆಲ್ಲಿ ಕೇಳ್ದೆ ಸ್ವಾಮಿ? ಅದನ್ನ ಡಾಕ್ಟರು ಹೇಳ್ಲಿ. ನಾನು ಕೇಳ್ತಿರೋದು ಕೆಲಸ. ನಿಮ್ಮ ಕಾವಲುಗಾರರಲ್ಲಿ ಸುಳ್ಳು ಬರೆದೋರು ಎಷ್ಟು ಜನ ಇದಾರೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಿಜ ಬರೆದೋನು ಒಬ್ಬ ಇದಾನೆ ಅನ್ನೋದು ಇಬ್ಬರಿಗೂ ಗೊತ್ತು. ಅವನನ್ನೇ ಹೊರಗೆ ಹಾಕಿದ್ರೆ ಉಳಿದೋರು ಏನು ಕಲೀತಾರೆ?”

ವ್ಯವಸ್ಥಾಪಕರು ತಕ್ಷಣ ಕರಗಿದರು ಎಂದು ಟೈಪಿಸ್ಟರ ಪಾಠ ಹೇಳುತ್ತದೆ. ಅದು ಕೇಳುವವರ ಸಮಾಧಾನಕ್ಕೆ ಸೇರಿಸಿದ ಮಾತು. ಅವರು ಏಳು ವಾರ ತೆಗೆದುಕೊಂಡರು. ಆಮೇಲೆ ಕಾವಲುಗಾರರನ್ನು ಒಳಗಿನ ಲಾಕರು ಕೋಣೆಯ ಬಾಗಿಲಿಗೆ, ಆಯುಧವಿಲ್ಲದ ಕೆಲಸಕ್ಕೆ ಹಾಕಿದರು. ಆ ಸಲದ ನವೀಕರಣ ನಿಂತುಹೋಗಿದ್ದರಿಂದ, ಎರಡು ವರ್ಷದ ಮೇಲೆ ವೈದ್ಯರ ಒಪ್ಪಿಗೆ ಪತ್ರದೊಂದಿಗೆ ಅವರು ಮತ್ತೆ ಅರ್ಜಿ ಹಾಕಿದರು; ಹದಿನಾಲ್ಕನೆಯ ಕಾಲಮಿನಲ್ಲಿ ಮತ್ತೆ ‘ಹೌದು’ ಎಂದೇ ಬರೆದರು; ಪರವಾನಗಿ ಸಿಕ್ಕಿತು. ಹೌದು ಎಂದು ಬರೆದ ಕಡತವೂ ಮೇಲೆ ಬರುತ್ತದೆ ಎಂಬ ಸುದ್ದಿ ಮೆಟ್ಟಿಲುಗಳ ಮೇಲೆ ಹಬ್ಬಲು ಒಂದು ವಾರವೂ ಬೇಕಾಗಲಿಲ್ಲ.

ಆ ನಡುವಿನ ಎರಡು ವರ್ಷಗಳಲ್ಲಿ ಬೆಂಚಕ್ಕನವರು ಕೆಲಸದ ಕ್ರಮವನ್ನೇ ಬದಲಿಸಿದ್ದರು. ಅರ್ಜಿದಾರ ಹದಿನಾಲ್ಕನೆಯ ಕಾಲಮಿಗೆ ಪೆನ್ನು ಇಡುವ ಮೊದಲೇ ಅವರ ಕೈ ತಾನಾಗಿ ಮುಂದೆ ಬಂದು ಕಾರ್ಬನ್ನನ್ನು ಎಳೆದುಕೊಳ್ಳುತ್ತಿತ್ತು. ಕೊನೆಯ ಸಹಿಗೆ ಮತ್ತೆ ಸೇರಿಸುತ್ತಿತ್ತು. ವೈದ್ಯರ ಪತ್ರ ಅಂಟು ಹಚ್ಚಿದ ಬೇರೆ ಲಕೋಟೆಯಲ್ಲಿ ಪೊಲೀಸರಿಗೆ ಮಾತ್ರ ಹೋಗುತ್ತಿತ್ತು. ಗಣಕಯಂತ್ರ ಬಂದಾಗ, ಸಂಸ್ಥೆಗೆ ಹೋಗುವ ಮುದ್ರಿತ ಪ್ರತಿಯಲ್ಲಿ ಆ ಕಾಲಮು ಬಾರದಂತೆ ಮಾಡುವವರೆಗೆ ಹೊಸ ಪದ್ಧತಿಗೆ ಸಹಿ ಹಾಕಲು ಒಪ್ಪಲಿಲ್ಲ. ಯಂತ್ರ ಕೂರಿಸಲು ಬಂದಿದ್ದ ಎಂಜಿನಿಯರು “ಇದೊಂದು ಸಣ್ಣ ವಿಷಯ ಮೇಡಂ” ಎಂದಾಗ, ಅವರನ್ನೂ ಬೆಂಚಿನ ಮೇಲೆ ಕೂರಿಸಿ ಇಡೀ ಕಥೆ ಹೇಳಿದರೆಂದು ಪ್ರತೀತಿ. ಇದಕ್ಕೆ ನನಗೆ ಆಧಾರ ಸಿಕ್ಕಿಲ್ಲ, ಆದರೆ ನಂಬುತ್ತೇನೆ.

ಹೌದು ಎಂದವರಿಗೆಲ್ಲ ಅವರು ಪರವಾನಗಿ ಕೊಡಿಸಿದರು ಎಂಬ ಇನ್ನೊಂದು ಕಥೆಯೂ ಚಲಾವಣೆಯಲ್ಲಿದೆ. ಅದು ಸುಳ್ಳು. ವೈದ್ಯರು ಬೇಡವೆಂದ ಅರ್ಜಿಗಳು ತಿರಸ್ಕೃತವಾಗಿವೆ, ಆಗಲೇಬೇಕಿತ್ತು. ಅಂಥವರಿಗೆ ಅಂಚೆಯಲ್ಲಿ ಕಾಗದ ಹೋಗುವ ಮೊದಲು ಇವರೇ ಕರೆಸಿ ಹೇಳುತ್ತಿದ್ದರು. ಕೆಲವರು ಶಪಿಸಿ ಹೋಗಿದ್ದಾರೆ. ಒಬ್ಬ ವ್ಯಾಪಾರಿ ಮಾತ್ರ ಪ್ರತಿ ವರ್ಷ ಬಂದು, “ಅಕ್ಕಾ, ಅವತ್ತು ಕೊಡದೇ ಇದ್ದಿದ್ದಕ್ಕೆ ಇವತ್ತು ಕಾಫಿ ಕೊಡಿಸ್ತೀನಿ ಬನ್ನಿ,” ಎಂದು ಕರೆಯುತ್ತಿದ್ದರು. ಬೆಂಚಕ್ಕನವರು ಹೋಗುತ್ತಿರಲಿಲ್ಲ, “ಕೊಡದೇ ಇದ್ದಿದ್ದಕ್ಕೂ ಲಂಚವೇನಪ್ಪಾ?” ಎಂದು ನಕ್ಕು ಕಳಿಸುತ್ತಿದ್ದರು.

ಕಳೆದ ವರ್ಷದ ಒಂದು ಬೆಳಗ್ಗೆ ನಾನು ಯಾವುದೋ ಹಳೆಯ ಕಡತ ಒಪ್ಪಿಸಲು ಶಾಖೆಗೆ ಹೋಗಿದ್ದಾಗ, ಆ ಕಾವಲುಗಾರರು ಒಳಗೆ ಬಂದರು. ಕೂದಲು ಪೂರ್ತಿ ನರೆತಿತ್ತು. ಹೆಣ್ಣುಮಕ್ಕಳಿಬ್ಬರಿಗೂ ಮದುವೆಯಾಗಿ, ದೊಡ್ಡವಳ ಮನೆಯಲ್ಲಿ ಇದ್ದರು. ಪರವಾನಗಿಯ ಅವಧಿ ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿತ್ತು. ಯಾರೂ ಅವರನ್ನು ಕರೆಸಿರಲಿಲ್ಲ, ಯಾವ ಅರ್ಜಿಯೂ ಬಾಕಿ ಇರಲಿಲ್ಲ. ಅವರು ಪಿಸ್ತೂಲನ್ನೂ ಗುಂಡುಗಳನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು.

“ಎರಡು ವಾರದಿಂದ ಮತ್ತೆ ನಿದ್ದೆ ಇಲ್ಲ ಅಕ್ಕಾ. ಡಾಕ್ಟರ ಹತ್ರ ಹೋಗಿಬಂದೆ. ಇದು ಸ್ವಲ್ಪ ದಿನ ನಿಮ್ಮ ಹತ್ರಾನೇ ಇರ್ಲಿ.”

“ಬ್ಯಾಂಕಿನಲ್ಲಿ?”

“ನಾನೇ ಹೇಳಿದೆ. ಈಗಿರೋ ಮ್ಯಾನೇಜರು ಚಿಕ್ಕ ಹುಡುಗಿ. ‘ಲಾಕರ್ ರೂಮಿಗೆ ಹೋಗಿ ಅಂಕಲ್, ವಾಸಿಯಾದ ಮೇಲೆ ನೋಡೋಣ’ ಅಂದಳು. ಕಾಮಾಲೆ ಅಂತ ಹೇಳೋ ಗೋಜೇ ಇಲ್ಲ.”

ಬೆಂಚಕ್ಕನವರು ಆಯುಧವನ್ನು ಪರೀಕ್ಷಿಸಿ, ಸಂಖ್ಯೆ ಓದಿ, ಠೇವಣಿಯ ರಸೀದಿ ಬರೆದುಕೊಟ್ಟರು. ಕಾರಣದ ಅಂಕಣದಲ್ಲಿ ‘ಸ್ವಇಚ್ಛೆಯಿಂದ’ ಎಂದು ಬರೆದರು. ಕಾವಲುಗಾರರು ಹೋದ ಮೇಲೆ ಬೆಂಚಕ್ಕನವರು ನನ್ನ ಕಡತಕ್ಕೆ ಸ್ವೀಕೃತಿ ಹಾಕಬೇಕಿತ್ತು. ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರಿಗೆ ಸಂದ ಪ್ರಶಸ್ತಿಪತ್ರಗಳ ಪಟ್ಟಿ ಈ ಸಂಪುಟದ ಅನುಬಂಧದಲ್ಲಿದೆ. ಆ ರಸೀದಿಯ ಅಡಿಪ್ರತಿ ಅಲ್ಲಿಲ್ಲ. ಅದಕ್ಕೆಂದೇ ಇಲ್ಲಿ ಬರೆದಿದ್ದೇನೆ.

ನಿವೃತ್ತರಿಗೆ ವಿಶ್ರಾಂತಿ ಹಾರೈಸುವುದು ವಾಡಿಕೆ. ನಾನು ಹಾರೈಸಲಾರೆ. ಅವರ ಜಾಗಕ್ಕೆ ಬರುವ ತರುಣಿ ಆರು ತಿಂಗಳಿಂದ ಅವರ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದಾರೆ. ನಿವೃತ್ತಿಯ ನಂತರವೂ ವಾರಕ್ಕೆ ಎರಡು ದಿನ ಬಂದು ನೋಡಿಕೊಳ್ಳುವುದಾಗಿ ಹಿರಿಯರು ಮಾತು ಕೊಟ್ಟಿದ್ದಾರೆ. ಅವರ ಕಣ್ಣು ಮಂಜಾಗದಿರಲಿ, ಮೊಣಕಾಲು ನೋಯದಿರಲಿ, ಆಯುಷ್ಯ ನೂರು ದಾಟಲಿ. ಲಾಕರು ಕೋಣೆಯ ಬಾಗಿಲಲ್ಲಿ ಕುಳಿತಿರುವ ಕಾವಲುಗಾರರನ್ನು ಹೋದ ವಾರ ಕಂಡು, ಈ ಲೇಖನದಲ್ಲಿ ಅವರ ಕಥೆ ಬರೆಯಲು ಅನುಮತಿ ಕೇಳಿದೆ. ಅವರು ಯೋಚಿಸಲಿಲ್ಲ.

“ಬರೀರಿ ಸ್ವಾಮಿ,” ಎಂದರು. “ನಿದ್ದೆ ಬರ್ತಾ ಇದೆ ಅಂತಾನೂ ಬರೀರಿ. ಅಕ್ಕ ಓದ್ತಾರೆ.”