ಬಲತುದಿಯ ಒಂದು

ನೇಯೋಮಿ ಗಿಂಗ್ರಿಚ್ ಕೈಕಟ್ಟಿ ಕಿಟಕಿಯಾಚೆಯ ಹಿಮ ನೋಡುತ್ತ ಕೂತಳೆಂದರೆ, ಹೊಸಬರು ಸೋಮಾರಿ ಹೆಂಗಸು ಎಂದುಕೊಳ್ಳುತ್ತಿದ್ದರು. ಅಯ್ಯೋ, ಅವಳ ಕೆಲಸ ಶುರುವಾಗುತ್ತಿದ್ದುದೇ ಆಗ! ವಾಟರ್ಲೂವಿನ ಆ ಸಂಶೋಧನಾಲಯದ ಹುಡುಗ ಹುಡುಗಿಯರು ಕ್ವಾಂಟಮ್ ಸರ್ಕ್ಯೂಟುಗಳನ್ನು ಮಾಮೂಲಿ ಕಂಪ್ಯೂಟರಿನಲ್ಲಿ ನಡೆಸಿ ನೋಡುತ್ತಾರೆ. ಅವರ ಕೋಡ್ ಮುಗ್ಗರಿಸಿದಾಗ ಎತ್ತಿ ನಿಲ್ಲಿಸುವವಳು ಇವಳು. ಯಂತ್ರಗಳನ್ನು ದೂರವಿಟ್ಟು ಕುದುರೆಗಾಡಿಯಲ್ಲೇ ಓಡಾಡುವ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ಮನೆಯವಳು. ಇಪ್ಪತ್ತರ ತನಕ ಕಂಪ್ಯೂಟರ್ ಮುಟ್ಟಿರಲಿಲ್ಲ. ಆಮೇಲೆ ಹಟ ಹಿಡಿದು ಓದಿ ಸಂಶೋಧನೆಗೆ ಸೇರಿದಳು, ಅರ್ಧಕ್ಕೇ ಬಿಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆ ಮಧ್ಯಾಹ್ನ ಮಾಂಕ್ಟನ್ ಕಡೆಯ ಹುಡುಗಿ ಒಡೀಲ್ ಬಂದು ಮೇಜಿನ ಮೇಲೆ ಬಟರ್ ಟಾರ್ಟ್ ಎಂಬ ಸಿಹಿತಿಂಡಿಯ ಪೊಟ್ಟಣ ಇಟ್ಟಳು.

"ಏನಿದು, ಲಂಚಾನಾ?" ಎಂದಳು ನೇಯೋಮಿ.

"ಅಲ್ಲ, ಹೋಗ್ಬರ್ತೀನಿ ಅಂತ. ಸಂಶೋಧನೆ ಬಿಡ್ತೀನಿ. ಪತ್ರ ಜೇಬಲ್ಲೇ ಇದೆ, ಐದು ಗಂಟೆಗೆ ಗೈಡ್ ಕೈಗೆ ಕೊಡೋದೇ."

ಅವಳದು ಐದು ಕ್ಯೂಬಿಟ್‌ಗಳ ಸರ್ಕ್ಯೂಟು; ಅಳೆದಾಗ ಒಂದೊಂದು ಕ್ಯೂಬಿಟ್ಟೂ ಸೊನ್ನೆ ಇಲ್ಲವೇ ಒಂದು ಎಂದು ತೋರಿಸುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಒಂದು ಪಟ್ಟಿ, ಕೋಡ್ ಓಡಿಸಿದರೆ ಇನ್ನೊಂದು. ನಾಲ್ಕು ತಿಂಗಳಿಂದ ಇದೇ ಗೋಳು.

"ನನ್ನ ಯೋಚನೆಯೇ ತಪ್ಪು ನೇಯೋಮಿ." ಹುಡುಗಿಯ ಕಣ್ಣು ತುಂಬಿತ್ತು.

"ಕೋಡನ್ನ ಪರೀಕ್ಷೆ ಮಾಡಿದ್ಯಾ?"

"ಮಾಡದೆ ಇರ್ತೀನಾ? ಐದನ್ನೂ ಒಟ್ಟಿಗೆ ಹೆಣೆದು ನೋಡ್ದೆ. ಎಲ್ಲಾ ಸೊನ್ನೆ, ಇಲ್ಲಾ ಎಲ್ಲಾ ಒಂದು. ಸರಿಯಾಗೇ ಬಂತು."

ನೇಯೋಮಿ ಕಿಟಕಿಗೆ ತಿರುಗಿದಳು. ಹಿಮ ಬೀಳುತ್ತಿದೆಯೋ ಏಳುತ್ತಿದೆಯೋ ತಿಳಿಯದಷ್ಟು ನಿಧಾನ. ಆ ಬಿಳುಪಿನೊಳಗೆ ಅವಳಿಗೆ ಹಿಂದೆ ಕೌದಿ ಹೊಲಿಯುತ್ತಿದ್ದ ಅಮ್ಮ ಕಂಡಳು. ಚೌಕಟ್ಟಿನ ಸುತ್ತ ಎಂಟು ಹೆಂಗಸರು, ಸೂಜಿಗಳ ಸದ್ದಿಲ್ಲದ ಏಳುಬೀಳು. ಅಮ್ಮ ಪ್ರತಿ ಕೌದಿಯ ಒಂದು ಮೂಲೆಗೆ ಮಾತ್ರ ಕೆಂಪು ತುಂಡು ಹಾಕುತ್ತಿದ್ದಳು, ತಲೆದೆಸೆ ಯಾವುದೆಂದು ಗೊತ್ತಾಗಲಿ ಅಂತ.

"ಮೊದಲನೇ ಕ್ಯೂಬಿಟ್ ಒಂದನ್ನೇ ಸೊನ್ನೆಯಿಂದ ಒಂದಕ್ಕೆ ತಿರುಗಿಸು. ಬೇರೆ ಏನೂ ಮುಟ್ಟಬೇಡ" ಎಂದಳು ಕೊನೆಗೆ.

ಒಡೀಲ್ ಓಡಿಸಿದಳು. ಪರದೆಯ ಮೇಲೆ ನಾಲ್ಕು ಸೊನ್ನೆ, ಬಲತುದಿಯಲ್ಲಿ ಒಂದು.

"ಎಡಗಡೆ ಅಲ್ವಾ ಬರ್ಬೇಕಿತ್ತು?"

"ನಿನ್ನ ಕಾಗದದಲ್ಲಿ ಹೌದು. ಈ ಪ್ರೋಗ್ರಾಮು ಬಲದಿಂದ ಎಣಿಸುತ್ತೆ. ಎಲ್ಲಾ ಸೊನ್ನೆ, ಎಲ್ಲಾ ಒಂದು, ಅದನ್ನ ಯಾವ ಕಡೆಯಿಂದ ಓದಿದ್ರೂ ಅಷ್ಟೇ ತಾನೇ ಮಾರಾಯ್ತಿ!"

ಒಡೀಲ್ ತನ್ನ ಪಟ್ಟಿಯನ್ನು ಬಲದಿಂದ ಎಡಕ್ಕೆ ಓದಿದಳು. ಸಾಲಿಗೆ ಸಾಲು ಕೂಡಿಬಂತು. ಅಳುತ್ತಲೇ ನಕ್ಕು, ತಾನು ತಂದ ಟಾರ್ಟನ್ನು ತಾನೇ ಕಚ್ಚಿದಳು.

"ಇಷ್ಟು ಬೇಗ ನಿಮಗೆ ಹೇಗೆ ಹೊಳೀತು?"

ನೇಯೋಮಿ ಮೇಜಿನ ಖಾನೆಯಿಂದ ಹಳೆಯ ನೋಟ್‌ಬುಕ್ ತೆಗೆದುಕೊಟ್ಟಳು. ಹದಿನೆಂಟು ವರ್ಷದ ಹಿಂದಿನ ಅವಳದೇ ಬರಹ. ಒಂದು ಪುಟದಲ್ಲಿ ಸೊನ್ನೆ-ಒಂದುಗಳ ಪಟ್ಟಿ, ಅದರ ಮೇಲೆ ಕೆಂಪು ಗೀಟು, ಕೆಳಗೆ 'ತಪ್ಪು' ಎಂದಿತ್ತು. ಒಡೀಲ್ ಬೆರಳಿಟ್ಟು ಬಲತುದಿಯಿಂದ ಓದುತ್ತ ಬಂದಳು, ನಿಂತಳು.

"ಇದು ಸರಿಯಾಗೇ ಇದೆಯಲ್ಲ!"

"ಹೂಂ. ನನಗೆ ಗೊತ್ತಾಗೋ ಹೊತ್ತಿಗೆ, ನಾನೂ ಬಿಡ್ತೀನಿ ಅಂತ ಪತ್ರ ಕೊಟ್ಟು ಒಂದು ವರ್ಷ ಆಗಿತ್ತು."

ಒಡೀಲ್ ಜೇಬಿಗೆ ಕೈಹಾಕಿದಳು.