ಗಾಲಿ ದಾಟದ ಹೊಸ್ತಿಲು

ನನ್ನ ಕೋಣೆಯ ಮಂಚದ ಕೆಳಗೆ, ಹಳೆಯ ಉತ್ತರಪತ್ರಿಕೆಗಳ ಗಂಟಿನ ಹಿಂದೆ, ಕಬ್ಬಿಣದ ಒಂದು ಪುಟ್ಟ ಸೇತುವೆ ಇದೆ. ಮೂರು ಅಡಿ ಉದ್ದ, ನಡುವೆ ಸ್ವಲ್ಪ ಎತ್ತರ, ಎರಡೂ ಕಡೆ ಇಳಿಜಾರು. ಅದನ್ನು ಅಲ್ಲಿ ಬಚ್ಚಿಟ್ಟವನು ನಾನೇ. ಐವತ್ತೆಂಟು ವರ್ಷ ವಯಸ್ಸಾದ, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮನುಷ್ಯ ತನ್ನ ಮನೆಯಲ್ಲೇ ಹೀಗೆ ಕಳ್ಳತನದಿಂದ ಇರಬೇಕಾಗಿ ಬಂದದ್ದು ಯಾಕೆಂದು ಯಾರಿಗಾದರೂ ಹೇಳಿಕೊಳ್ಳಬೇಕು. ನೀವು ಸಿಕ್ಕಿದ್ದೀರಿ, ಕೇಳಿ.

ಇದೆಲ್ಲ ಶುರುವಾದದ್ದು ಒಂದು ತಾಮ್ರದ ಕೊಡದಿಂದ. ಕೊಡ ಅತ್ಯಾನದು. ಅತ್ಯಾ ಎಂದರೆ ನನ್ನ ತಂದೆಯ ತಂಗಿ. ನಾನು ಏಳು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ಎಂಟು ವರ್ಷ ನನ್ನನ್ನು ಕಮಲಾಪುರದ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವಳು ಅವಳು. ಹೋದ ವರ್ಷ ಅವಳ ಬೆನ್ನು ನೋಯತೊಡಗಿದಾಗ ಕಲಬುರಗಿಗೆ ಕರೆತಂದೆ. ಸೇಡಂ ರಸ್ತೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬೆನ್ನೆಲುಬಿನಲ್ಲಿ ಸಣ್ಣ ಸೀಳಿದೆ, ಇನ್ನು ಮುಂದೆ ತುಂಬಿದ ಕೊಡ ಎತ್ತಕೂಡದು ಎಂದರು. ಅತ್ಯಾ ಅವರನ್ನು ಕೇಳಿದ್ದು ಒಂದೇ ಮಾತು. "ಹಂಗಾದ್ರ ಉಣ್ಣೂದು ಹ್ಯಾಂಗ್ರೀ?"

ಡಾಕ್ಟರಿಗೆ ಅರ್ಥವಾಗಲಿಲ್ಲ. ನಮ್ಮಂಥ ಮನೆಯವರಿಗೆ ಆಗುತ್ತದೆ. ಅತ್ಯಾ ಮಡಿಯವಳು. ಬೆಳಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆಯುಟ್ಟು, ಯಾರನ್ನೂ ತಾಕದೆ ಬಾವಿಯ ನೀರು ತಂದು, ಅದರಲ್ಲೇ ಅಡುಗೆ ಮಾಡಿ, ದೇವರಿಗೆ ತೋರಿಸಿ ಉಣ್ಣಬೇಕು. ನೀರು ತರುವವರು ಅವಳೇ ಆಗಿರಬೇಕು, ಇಲ್ಲವೇ ಮಡಿಯಲ್ಲಿರುವ ಇನ್ನೊಬ್ಬರು. ನಮ್ಮ ಮನೆಯಲ್ಲಿ ಆ ಇನ್ನೊಬ್ಬರು ಇರಲಿಲ್ಲ. ನನ್ನ ಹೆಂಡತಿ ವನಜಾ ಶಾಲೆಯ ಟೀಚರು, ಏಳು ಗಂಟೆಯ ಬಸ್ಸಿಗೆ ಓಡುವವಳು. ನಾನು ಜನಿವಾರವನ್ನು ಬೀಗದ ಕೈ ಕಟ್ಟಲು ಬಳಸುವವನು. ಅಡುಗೆಮನೆಗೆ ನಳ ಇದೆಯಲ್ಲ ಎಂದರೆ, "ಆ ಟಾಕಿ ನೀರು ಯಾವತ್ತಿಂದೋ ಯಾರಿಗೆ ಗೊತ್ತು" ಎನ್ನುತ್ತಿದ್ದಳು. ಒಂದೊಂದೇ ತಂಬಿಗೆ ತಂದು ತುಂಬಿಸಲು ನೋಡಿದಳು. ಹದಿನೈದು ಸಲ ಹಿತ್ತಲ ಬಾವಿಗೂ ಅಡುಗೆಮನೆಗೂ ಓಡಾಡಿ ಮೂರನೆಯ ದಿನ ಹಾಸಿಗೆ ಹಿಡಿದಳು.

ಹಣ್ಣಿಗೆ, ಹಾಲಿಗೆ ಮಡಿಯ ಅಡ್ಡಿಯಿಲ್ಲ. ಹಾಗಾಗಿ ಅತ್ಯಾ ಅನ್ನ ಬಿಟ್ಟು ಬಾಳೆಹಣ್ಣಿಗೆ ಬಂದಳು. ನಾನು ದಿನವೂ ಸಂಜೆ ಕಮಲಾಪುರದ ಕೆಂಪು ಬಾಳೆಹಣ್ಣು ಹುಡುಕಿಕೊಂಡು ಬರುತ್ತಿದ್ದೆ. ಹಣ್ಣು ಎಷ್ಟು ರುಚಿಯಿದ್ದರೇನು, ಹತ್ತೊಂಬತ್ತು ದಿನ ಅದನ್ನೇ ತಿಂದರೆ ಎಪ್ಪತ್ತಾರರ ಮೈಯಲ್ಲಿ ಏನು ಉಳಿಯುತ್ತದೆ? ಬಳೆ ಮೊಣಕೈವರೆಗೆ ಜಾರತೊಡಗಿತು. ಇಪ್ಪತ್ತನೆಯ ದಿನ ಬಟ್ಟೆ ಗಂಟು ಕಟ್ಟಿದಳು.

"ನಾ ಕಮಲಾಪುರಕ್ಕ ಹೋಗ್ತೀನಿ, ರಘ್ಯಾ. ಹಣ್ಣೇ ತಿನ್ನೂದಿದ್ರ ಅಲ್ಲೇ ತಿಂತೀನಿ. ನಿನ್ನ ಕಡಿಂದ ಹೊರಿಸಿ ಯಾಕ ತಿನ್ನಬೇಕು?"

ಅಲ್ಲಿ ಅವಳ ಮೈದುನನ ಸಂಸಾರವಿದೆ, ಒಳ್ಳೆಯ ಜನ. ಆದರೆ ಎಲ್ಲರೂ ಹೊಲಕ್ಕೋ ಕೆಲಸಕ್ಕೋ ಹೋದ ಮೇಲೆ ಇವಳು ಕೊಡ ಎತ್ತುತ್ತಾಳೆ, ಬೆನ್ನು ಮುರಿಯುತ್ತದೆ. ಎರಡೂ ನನಗೆ ಖಾತ್ರಿಯಿತ್ತು. ಎಂಟು ದಿನ ಗಡುವು ಬೇಡಿದೆ. ಕೊಡವನ್ನು ಎತ್ತದೆ ಒಳಗೆ ತರುವ ದಾರಿ ಹುಡುಕುತ್ತೇನೆ ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಗಾಲಿಯ ಮಹಿಮೆ ಹೇಳಿದವನಲ್ಲವೇ ನಾನು.

ಮೊದಲು ಗ್ಯಾಸ್ ಸಿಲಿಂಡರ್ ಇಡುವ ಟ್ರಾಲಿ ಕೊಂಡು ತಂದೆ. ಕೊಡದ ತಳ ಗುಂಡು. ಸಿಲಿಂಡರಿನ ಹಾಗೆ ಗಂಭೀರವಾಗಿ ಕೂರುವ ಜಾತಿ ಅದಲ್ಲ. ಹಿತ್ತಲ ಶಹಾಬಾದಿ ಫರಸಿಕಲ್ಲಿನ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡಿತು, ಕೊಡ ಉರುಳಿತು, ನೀರೆಲ್ಲ ತುಳಸಿಗೆ ಹೋಯಿತು. ಅದೂ ಅಲ್ಲದೆ ಟ್ರಾಲಿ ಪ್ಲಾಸ್ಟಿಕ್ಕಿನದು, ಮಡಿಗೆ ನಡೆಯುವುದಿಲ್ಲವಂತೆ. ಇದನ್ನು ಅತ್ಯಾ ಹೇಳಿದ್ದು ನೀರು ಚೆಲ್ಲಿದ ಮೇಲೆ.

ಆಗ ರೋಜಾ ಬಡಾವಣೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಮಹಬೂಬ್ ಮಿಯಾನ ಹತ್ತಿರ ಹೋದೆ. ನಾನು ಬರೆದೊಯ್ದ ಚಿತ್ರವನ್ನು ಅವನು ಹಿಂದುಮುಂದು ತಿರುಗಿಸಿ ನೋಡಿದ.

"ಸರ್, ನಾಕೂ ಗಾಲಿ ಸೀದಾ ಹಾಕೀರಿ. ಇದು ಹೋಗೂದು ಹೋಗ್ತದ, ಹೊಳ್ಳೂದು ಹ್ಯಾಂಗ್ರೀ? ನಿಮ್ಮ ಮನಿಯಾಗ ಗ್ವಾಡಿ ಇಲ್ಲೇನು?"

ಘರ್ಷಣೆ, ಬಲ, ವೇಗ ಎಲ್ಲ ಲೆಕ್ಕ ಹಾಕಿದ್ದ ನಾನು ತಿರುವನ್ನು ಮರೆತಿದ್ದೆ. ಅವನು ಚಿತ್ರವನ್ನು ಮಡಚಿ ನನ್ನ ಜೇಬಿಗೇ ಹಾಕಿ, ಮರುದಿನ ತಾನೇ ಅಳತೆಗೆ ಬಂದ. ಗೇಟಿನ ಹತ್ತಿರ ನಿಂತು ಅತ್ಯಾನನ್ನು ಕಂಡು ಸಲಾಮು ಮಾಡಿ, "ಅಮ್ಮಾ, ಕೈ ಹಿಂಗ ಇಳಿಬಿಡ್ರಿ, ಹಿಡಿಕಿ ಎಷ್ಟು ಎತ್ತರ ಬೇಕು ನೋಡ್ತೀನಿ" ಎಂದ. ದೂರದಿಂದಲೇ ಕಣ್ಣಳತೆ ತೆಗೆದ. ಕಮಲಾಪುರದ ಹಳೆಯ ದಿನಗಳಲ್ಲಿ ಉರ್ದು ಕಿವಿಗೆ ಬಿದ್ದು ಬೆಳೆದ ಅತ್ಯಾ, "ಜರಾ ಉಂಚಾ ರಹನಾ ಬೇಟಾ, ಝುಕನೇಕು ನೈ ಆತಾ" ಎಂದಳು, ಸ್ವಲ್ಪ ಎತ್ತರವಿರಲಿ, ಬಗ್ಗಲಾಗುವುದಿಲ್ಲ ಎಂದು. ಈ ಮನೆಯಲ್ಲಿ ಅವಳ ಕಷ್ಟವನ್ನು ಒಂದೇ ಮಾತಿನಲ್ಲಿ ತಿಳಿದುಕೊಂಡವನು ಅವನೊಬ್ಬನೇ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಗಾಲಿಮಣೆ ಬಂತು. ಸೊಂಟದೆತ್ತರದ ಹಿಡಿಕೆ, ಮುಂದಿನ ಎರಡು ಚಕ್ರ ಎತ್ತ ಬೇಕಾದರೂ ಹೊರಳುವಂಥವು, ನಡುವೆ ಕೊಡದ ತಳ ಕೂರಲು ಕಬ್ಬಿಣದ ಸಿಂಬಿ. ಖಾಲಿ ಕೊಡವನ್ನು ಅದರ ಮೇಲಿಟ್ಟೇ ಅತ್ಯಾ ಬಾವಿಯಿಂದ ಒಂದೊಂದೇ ತಂಬಿಗೆ ಸೇದಿ ತುಂಬಿಸಬಹುದು. ಚಕ್ರಕ್ಕೆ ರಬ್ಬರು ಹಾಕಿದ್ದಕ್ಕೆ ಅತ್ಯಾ ಹುಬ್ಬೇರಿಸಿದಳು. ರಬ್ಬರು ಮರದ ಹಾಲಿನಿಂದ ಆಗುತ್ತದೆ ಎಂದೆ. ಎಲ್ಲ ರಬ್ಬರೂ ಹಾಗಲ್ಲ ಎಂಬ ಪಾಠವನ್ನು ಆ ದಿನ ಮಾಡಲಿಲ್ಲ. ಗ್ರೀಸಿನಲ್ಲಿ ಪ್ರಾಣಿಯ ಚರಬಿ ಇರುತ್ತದೇನೋ ಎಂದು ಅವಳು ಅಂದಾಗ ಮಹಬೂಬನೇ ಹರಳೆಣ್ಣೆಯ ದಾರಿ ತೋರಿಸಿದ. "ಔಡಲೆಣ್ಣಿ ಹಾಕ್ರಿ ಅಮ್ಮಾ. ನಮ್ಮ ದಾದಾ ಟಾಂಗಾಕ್ಕ ಅದೇ ಹಾಕ್ತಿದ್ರು."

ಹದಿನೈದು ದಿನಕ್ಕೆ ಗಾಲಿ ಕಿರ್ರೆನ್ನತೊಡಗಿತು. ಇಪ್ಪತ್ತು ದಿನಕ್ಕೆ ನಿಂತೇಬಿಟ್ಟಿತು. ಮಹಬೂಬ ಬಿಚ್ಚಿ ನೋಡಿದರೆ ಒಳಗೆ ಬೇರಿಂಗು ಪೂರ್ತಿ ಜಂಗು, ಕೆಂಪು ತುಕ್ಕು ಹಿಡಿದಿತ್ತು.

"ಇದನ್ನ ನದ್ಯಾಗ ಓಡಿಸ್ತೀರೇನ್ರೀ ಸರ್?"

ನಾನು ತಲೆ ಕೆರೆದುಕೊಂಡು ನಿಜ ಹೇಳಿದೆ. ಮಡಿಯಲ್ಲಿ ಮುಟ್ಟುವ ವಸ್ತುವೆಂದ ಮೇಲೆ ಅದಕ್ಕೂ ಸ್ನಾನವಾಗಬೇಕಲ್ಲ. ಅತ್ಯಾ ದಿನವೂ ಬೆಳಗ್ಗೆ ಮೊದಲು ತಾನು ಸ್ನಾನ ಮಾಡಿ, ಆಮೇಲೆ ಗಾಲಿಮಣೆಗೆ ನಾಲ್ಕು ತಂಬಿಗೆ ನೀರು ಸುರಿದು ಅದಕ್ಕೂ ಸ್ನಾನ ಮಾಡಿಸುತ್ತಿದ್ದಳು. ಕೇಳಿ ಮಹಬೂಬ ನಗಲಿಲ್ಲ. ತಾನು ನಮಾಜಿಗೆ ಮುಂಚೆ ಕೈಕಾಲು ತೊಳೆಯುವುದನ್ನು ನೆನೆದನೋ ಏನೋ, "ಪಾಕ್ ಮಾಡ್ಲಾಕ ಹಿಡಿಕಿಗಿ ನೀರು ಹಾಕಿದ್ರ ಸಾಲ್ದೇನ್ರೀ ಅಮ್ಮಗ? ಕೈ ಹತ್ತೂದು ಅಲ್ಲೇ ಅಲ್ಲಾ" ಎಂದ. ಅತ್ಯಾ ಇದನ್ನು ಎರಡು ದಿನ ಯೋಚಿಸಿ ಒಪ್ಪಿದಳು. ಅಂದಿನಿಂದ ಹಿಡಿಕೆಗೆ ಸ್ನಾನ, ಗಾಲಿಗೆ ಎಣ್ಣೆ.

ಗಾಲಿ ಭಾರವನ್ನು ಕಡಿಮೆ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕೊಡದ ತೂಕ ಮೊದಲೆಷ್ಟೋ ಆಮೇಲೂ ಅಷ್ಟೇ. ಗಾಲಿ ಮಾಡುವುದು ಇಷ್ಟೇ, ಹೊರುವ ಕೆಲಸವನ್ನು ಮನುಷ್ಯನಿಂದ ತೆಗೆದು ನೆಲಕ್ಕೆ ಒಪ್ಪಿಸುತ್ತದೆ. ನಮ್ಮ ಕಲಬುರಗಿಯ ಕೋಟೆಯ ಮೇಲೆ ಮಲಗಿರುವ ಆ ಉದ್ದನೆಯ ಫಿರಂಗಿ ತೋಪನ್ನು ನೋಡಿದಾಗಲೆಲ್ಲ ನಾನು ವಿದ್ಯಾರ್ಥಿಗಳನ್ನು ಕೇಳುತ್ತಿದ್ದೆ, ಇದನ್ನು ಮೇಲೆ ತಂದವರು ಯಾರು ಎಂದು. ಸುಲ್ತಾನ ಎನ್ನುವರು, ಆನೆ ಎನ್ನುವರು. ನೆಲ ಸಪಾಟಾಗಿದ್ದಷ್ಟು ದೂರ ಗಾಲಿ ತಂದಿರಬೇಕು; ಅಲ್ಲಿಂದ ಮೇಲಕ್ಕೆ ಯಾರದೋ ಹೆಗಲು. ಆ ಹೆಗಲಿನವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ನಮ್ಮ ಮನೆಯಲ್ಲಿ, ಗಾಲಿಮಣೆ ಬಂದ ಮೊದಲ ದಿನವೇ, ನೆಲ ಮುಗಿದದ್ದು ಹಿತ್ತಲ ಬಾಗಿಲಿನಲ್ಲಿ. ಅಲ್ಲಿ ನಾಲ್ಕು ಬೆರಳೆತ್ತರದ ಕಟ್ಟಿಗೆಯ ಹೊಸ್ತಿಲಿದೆ. ಅತ್ಯಾ ದಿನವೂ ಅದಕ್ಕೆ ಅರಿಶಿನ ಹಚ್ಚಿ ರಂಗೋಲಿಯ ಎಳೆ ಎಳೆಯುತ್ತಾಳೆ. ಲಕ್ಷ್ಮಿ ಕೂರುವ ಜಾಗ, ಕಾಲು ಇಡಬಾರದು, ಗಾಲಿ ಹಾಯಿಸುವುದಂತೂ ದೂರದ ಮಾತು. ಬಾವಿಯಿಂದ ಹೊಸ್ತಿಲತನಕ ಗಾಲಿಮಣೆ, ಒಳಗೆ ಅಡುಗೆಮನೆಯತನಕ ಮಹಬೂಬನೇ ಮಾಡಿಕೊಟ್ಟ ಇನ್ನೊಂದು ಗಾಲಿಮಣೆ. ನಡುವೆ ನಾಲ್ಕು ಬೆರಳು. ಅದನ್ನು ದಾಟಿಸಲು ಮಡಿಯಲ್ಲಿರುವ ಒಬ್ಬ ಮನುಷ್ಯ ಬೇಕಾಯಿತು, ಆ ಮನುಷ್ಯ ನಾನಾದೆ.

ಮೊದಮೊದಲು ನನ್ನ ಗೊಣಗಾಟ ಕೇಳಬೇಕಿತ್ತು ನೀವು. ಬೆಳಗ್ಗೆ ಆರಕ್ಕೆ ತಣ್ಣೀರು ಸ್ನಾನ, ಬಿಗಿಯಾಗಿ ನಿಲ್ಲದ ಪಂಚೆ, ಜನಿವಾರದಿಂದ ಬೀಗದ ಕೈ ಬಿಚ್ಚುವ ಅವಸರ. ಅರ್ಧ ನಿಮಿಷದ ಕೆಲಸಕ್ಕೆ ಅರ್ಧ ಗಂಟೆಯ ತಯಾರಿ. ಆದರೆ ಅತ್ಯಾ ಮತ್ತೆ ಒಲೆ ಹಚ್ಚಿದಳು. ಮೊದಲ ದಿನ ತೊವ್ವೆ ಅನ್ನ ಉಂಡು, ಕೈ ತೊಳೆದು, ಗೋಡೆಗೊರಗಿ ಕಣ್ಣು ಮುಚ್ಚಿದಳಲ್ಲ, ಆ ಮುಖ ನೋಡಿ ನನ್ನ ಗೊಣಗಾಟ ಅರ್ಧ ಇಳಿಯಿತು.

ಇನ್ನರ್ಧ ಇಳಿದದ್ದು ಬೇರೆ ಕಾರಣಕ್ಕೆ. ಇದನ್ನು ಹೇಳಲು ನನಗೆ ಸಂಕೋಚ, ಆದರೂ ಹೇಳುತ್ತೇನೆ. ಅವ್ವ ಹೋದ ಹೊಸದರಲ್ಲಿ ಕಮಲಾಪುರದಲ್ಲಿ ಬೆಳಗ್ಗೆ ಎದ್ದ ಕೂಡಲೇ ನನಗೆ ಯಾರನ್ನಾದರೂ ಹಿಡಿದುಕೊಳ್ಳಬೇಕೆನಿಸುತ್ತಿತ್ತು. ಅದೇ ಹೊತ್ತಿಗೆ ಅತ್ಯಾ ಒದ್ದೆ ಕೊಡ ಹೊತ್ತು ಬರುತ್ತಿದ್ದಳು. "ಸರಿ, ಸರಿ, ಮಡೀಲೆ ಇದ್ದೀನಿ" ಎನ್ನುತ್ತಿದ್ದಳು. ನಾನು ಗೋಡೆಗೆ ಅಂಟಿ ನಿಂತು ದಾರಿ ಬಿಡುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ತಲೆ ಸವರುತ್ತಿದ್ದಳು, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು, ಪ್ರೀತಿಗೇನೂ ಕಡಿಮೆಯಿರಲಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಬೆಳಗ್ಗೆ. ಎಂಟು ವರ್ಷ ಒಂದು ಬೆಳಗೂ ನಾನು ಅವಳನ್ನು ಮುಟ್ಟಲಿಲ್ಲ.

ಈಗ ಹೊಸ್ತಿಲಲ್ಲಿ ಕೊಡದ ಒಂದು ಕಡೆ ನಾನು ಹಿಡಿಯುತ್ತೇನೆ, ಇನ್ನೊಂದು ಕಡೆ ಅವಳು. ಭಾರವೆಲ್ಲ ನನ್ನದು, ಅವಳದು ಕೈ ಮಾತ್ರ. ಕೊಡದ ಕಂಠದ ಕೆಳಗೆ ಅವಳ ಬೆರಳು ನನ್ನ ಬೆರಳಿನ ಮೇಲೆ ಬೀಳುತ್ತದೆ. ತಣ್ಣಗೆ, ಒರಟಾಗಿ, ನಾಲ್ಕು ಬೆರಳು ದೂರ ಸಾಗುವಷ್ಟು ಹೊತ್ತು. ಇಬ್ಬರೂ ಮಡಿ, ಆದ್ದರಿಂದ ತಪ್ಪಿಲ್ಲ.

ಇಷ್ಟರಲ್ಲಿ ಮಹಬೂಬ ಸುಮ್ಮನೆ ಕೂರಲಿಲ್ಲ. ಒಬ್ಬ ಪ್ರೊಫೆಸರು ದಿನಾ ಕೊಡ ಎತ್ತುವುದು ಅವನ ಕಸುಬಿಗೆ ಅವಮಾನ. ಹೊಸ್ತಿಲಿಗೆ ತಾಗದಂತೆ, ಅದರ ಮೇಲೆ ಎರಡು ಬೆರಳು ಗಾಳಿಯಾಡುವಂತೆ, ತನ್ನದೇ ಕಾಲಿನ ಮೇಲೆ ನಿಲ್ಲುವ ಸೇತುವೆಯನ್ನು ಮಾಡಿ, ನಾನು ಅಂಗಡಿಗೆ ಹೋದಾಗ ಕೈಗಿತ್ತ. "ಈ ಪುಲ್ ಇದ್ರ ಇನ್ನ ನಿಮಗ ತಕಲೀಫ್ ಇಲ್ಲ ಸರ್. ಲಕ್ಷ್ಮೀಗೂ ಇಲ್ಲ." ಅದರಲ್ಲಿ ದೋಷ ಹುಡುಕಲು ನೋಡಿದೆ, ಸಿಗಲಿಲ್ಲ. ಭೌತಶಾಸ್ತ್ರಕ್ಕೂ ಸರಿ, ಶಾಸ್ತ್ರಕ್ಕೂ ಸರಿ. ಮನೆಗೆ ತಂದು, ಅತ್ಯಾ ಜಪಕ್ಕೆ ಕೂತಿದ್ದ ಹೊತ್ತು ನೋಡಿ, ಮಂಚದ ಕೆಳಗೆ ತಳ್ಳಿದೆ. ಅಂದು ರಾತ್ರಿ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಆದರೂ ತೆಗೆಯಲಿಲ್ಲ. ಎಂಟು ತಿಂಗಳಾಯಿತು.

ಹೋದ ತಿಂಗಳು ಒಂದು ಬೆಳಗ್ಗೆ ಎಂದಿನಂತೆ ಕೊಡ ಎತ್ತಿದೆವು. ಅದು ಹೊಸ್ತಿಲ ಮೇಲಿದ್ದಾಗ ಅತ್ಯಾ ಹೇಳಿದಳು.

"ನಿನ್ನೆ ನೀ ಕಾಲೇಜಿಗಿ ಹೋದಾಗ ಮಹಬೂಬ ಬಂದಿದ್ದ. ಅಮ್ಮಾ, ಪುಲ್ ಬರಾಬರ್ ಕೂತದೇನು ಅಂತ ಕೇಳ್ದ."

ನೀರು ತುಳುಕಿ ನನ್ನ ಕಾಲ ಮೇಲೆ ಬಿತ್ತು. "ನೀ ಏನಂದಿ?"

"ಬರಾಬರ್ ಕೂತದಪಾ ಅಂದೆ. ಈ ವಯಸ್ಸಿನಾಗ ನನ್ನ ಕಡಿಂದ ಸುಳ್ಳ ಹೇಳಿಸಿದಿ ನೋಡು."

ಕೊಡವನ್ನು ಒಳಗಿನ ಗಾಲಿಮಣೆಯ ಮೇಲೆ ಇಟ್ಟೆವು. ನಾನು ಕೈ ತೆಗೆಯಲಿಲ್ಲ. ಅವಳೂ ಕೈ ತೆಗೆಯಲಿಲ್ಲ.

"ಎಲ್ಲಿ ಇಟ್ಟೀದಿ?"

"ಮಂಚದ ಕೆಳಗ."

"ಅಲ್ಲೇ ಇರ್ಲಿ. ಆದ್ರ ಕಬ್ಬಿಣ ಅದು, ಸುಮ್ನ ಬಿಟ್ರ ಜಂಗ ತಿಂತದ. ವಾರಕ್ಕೊಮ್ಮಿ ಔಡಲೆಣ್ಣಿ ಹಚ್ಚು. ನನ್ನ ಬೆನ್ನು ಸೋತಂಗ ನಿನ್ನ ತೋಳೂ ಒಂದಿನ ಸೋಲ್ತಾವ. ಅವತ್ತ ತೆಗೀವಂತಿ."

ಹಿಡಿಕೆ ಹಿಡಿದು ಅವಳು ಗಾಲಿಮಣೆಯನ್ನು ನೂಕುತ್ತ ಒಳಗೆ ಹೋದಳು. ಬಹಳ ನಿಧಾನಕ್ಕೆ, ಒಂದು ಹನಿ ಚೆಲ್ಲದಂತೆ.

ಈಗ ಭಾನುವಾರಗಳಂದು ನಾನು ಮಂಚದ ಕೆಳಗಿನಿಂದ ಸೇತುವೆಯನ್ನು ಎಳೆದು ಔಡಲೆಣ್ಣೆ ಹಚ್ಚುತ್ತೇನೆ. ಕೋಣೆಯೆಲ್ಲ ಇದೇನು ವಾಸನೆ ಎಂದು ವನಜಾ ಕೇಳುತ್ತಾಳೆ, ಮೊಣಕಾಲಿಗೆ ಎಂದು ಹೇಳುತ್ತೇನೆ. ಹಚ್ಚಿ ಮುಗಿದ ಮೇಲೆ ಅದೇ ಎಣ್ಣೆಗೈಯಿಂದ ನನ್ನ ತೋಳನ್ನು ಒಮ್ಮೆ ಒತ್ತಿ ನೋಡಿಕೊಳ್ಳುತ್ತೇನೆ. ಸದ್ಯಕ್ಕೆ ಗಟ್ಟಿಯಿದೆ.